ಬಾಲಿಕೆಯರೂ ನಿಂತ ಚೆಂಡಿನ ವಿದ್ಯೆಯೂ

ಹೆಣ್ಣುಮಕ್ಕಳು ಕಾಲ್ಚೆಂಡಾಟವನ್ನು ಆಡಬಹುದೇ ಎಂಬ ಪ್ರಶ್ನೆಯು ಹಳೆಯದಾಯಿತು. ಆಡಬಹುದೆಂದು ನಮ್ಮ ಪಾಲಕರಲ್ಲಿ ಬಹುಮಂದಿ, ಕೆಲವರು ಸಂತೋಷದಿಂದಲೂ ಕೆಲವರು ಅರೆಮನಸ್ಸಿನಿಂದಲೂ, ಒಪ್ಪಿಕೊಂಡಿರುವರು. ಈಗ ವಿಚಾರಿಸತಕ್ಕದ್ದು ಬೇರೊಂದು ಸಂಗತಿ. ಹೊಸದಾಗಿ ಆಟಕ್ಕೆ ಸೇರಿದ ಹತ್ತು ಹನ್ನೆರಡು ವರ್ಷದ ಬಾಲಿಕೆಗೆ ಮೊದಲು ಏನನ್ನು ಕಲಿಸಬೇಕು? ಮೊದಲು ಓಡಲಿ, ಒದೆಯಲಿ, ಬೆವರು ಸುರಿಸಲಿ. ಕಾರ್ನರ್ ಕಿಕ್, ಫ್ರೀ ಕಿಕ್ ಮೊದಲಾದ ಸೂಕ್ಷ್ಮಗಳು ದೊಡ್ಡವಳಾದ ಮೇಲೆ ತಾವಾಗಿ ಬರುವವು ಎಂಬುದು ರೂಢಿಯಲ್ಲಿರುವ ಉತ್ತರ. ಈ ಉತ್ತರಕ್ಕೆ ನಮ್ಮ ಸಮ್ಮತಿಯಿಲ್ಲ. ಚೆಂಡು ಓಡುತ್ತಿರುವಾಗಿನ ಆಟಕ್ಕಿಂತ ಚೆಂಡು ನಿಂತಿರುವಾಗಿನ ಆಟವನ್ನೇ ನಮ್ಮ ಬಾಲಿಕೆಯರಿಗೆ ಮೊದಲು ತಿಳಿಯಹೇಳಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮಾಜಿ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಇಡುವ ಸಲುವಾಗಿ ಇಷ್ಟು ಬರೆಯುತ್ತಿದ್ದೇವೆ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಚೆಂಡು ಗೆರೆಯನ್ನು ದಾಟಿ ಹೊರಗೆ ಹೋದಾಗ, ಅಥವಾ ಯಾರಾದರೂ ತಪ್ಪು ಮಾಡಿ ರೆಫರಿಯು ಸೀಟಿ ಊದಿದಾಗ, ಆಟವು ನಿಲ್ಲುವುದು. ಅದನ್ನು ಪುನಃ ಆರಂಭಿಸಲು ಗೊತ್ತಾದ ಕ್ರಮಗಳುಂಟು. ಪಕ್ಕದ ಗೆರೆಯನ್ನು ದಾಟಿದರೆ ಕೈಯಿಂದ ಎಸೆಯುವ ಥ್ರೋ-ಇನ್. ರಕ್ಷಿಸುವವರಿಗೆ ತಗಲಿ ಗೋಲಿನ ಗೆರೆಯಾಚೆ ಹೋದರೆ ಮೂಲೆಯಿಂದ ಒದೆಯುವ ಕಾರ್ನರ್ ಕಿಕ್. ಏರಿ ಬಂದವರಿಗೆ ತಗಲಿ ಹೋದರೆ ಗೋಲ್ ಕಿಕ್. ತಪ್ಪು ನಡೆದಲ್ಲಿಂದ ಫ್ರೀ ಕಿಕ್. ಗೋಲಿನ ಮುಂದಣ ಚೌಕದೊಳಗೆ ದೊಡ್ಡ ತಪ್ಪು ನಡೆದರೆ ಪೆನಾಲ್ಟಿ. ಇವೆಲ್ಲವನ್ನೂ ಕೂಡಿಸಿ ಇಂಗ್ಲಿಷ್ ಬಲ್ಲವರು ಸೆಟ್ ಪೀಸ್ ಎನ್ನುವರು. ನಾವು ನಿಂತ ಚೆಂಡಿನ ಪಟ್ಟುಗಳೆಂದು ಕರೆಯುವೆವು. ಪಟ್ಟು ಎಂಬ ಮಾತನ್ನು ಏಕೆ ಆರಿಸಿದೆವೆಂಬುದು ಮುಂದೆ ತಿಳಿದೀತು.

ನಮ್ಮ ಕಣ್ಣ ಮುಂದಿರುವವರು ಕೊಗನೊಳ್ಳಿ ಮತ್ತು ಅದರ ಸುತ್ತಣ ಹಳ್ಳಿಗಳ ಬಾಲಿಕೆಯರು. ನಿಪ್ಪಾಣಿ ತಾಲೂಕಿನ ಈ ಊರು ಪುಣೆ-ಬೆಂಗಳೂರು ಹೆದ್ದಾರಿಯ ಬದಿಗೆ, ಕರ್ನಾಟಕದ ಅಂಚಿನಲ್ಲಿದೆ. ಕನ್ನಡವೂ ಮರಾಠಿಯೂ ಇಲ್ಲಿ ಒಂದೇ ಅಂಗಳದಲ್ಲಿ ಕೇಳಿಬರುವ ಮಾತುಗಳು. ದೂಧಗಂಗೆಯನ್ನು ದಾಟಿ ಕಾಗಲದ ಮೇಲೆ ಹಾಯ್ದು ಹೋದರೆ ಕೊಲ್ಹಾಪುರ. ಆ ಪಟ್ಟಣದವರಿಗೆ ಕಾಲ್ಚೆಂಡಾಟದ ಹುಚ್ಚು ಎಷ್ಟೆಂಬುದು ಗಡಿಯ ಈಚೆಯವರಿಗೂ ಗೊತ್ತು. ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಷನ್ ೧೯೪೦ರಲ್ಲಿಯೇ ಸ್ಥಾಪಿತವಾಯಿತು. ಅಲ್ಲಿಯ ತಂಡಗಳ ಹೆಸರುಗಳನ್ನಾದರೂ ನೋಡಿರಿ: ಪಾಟಾಕಡೀಲ್ ತಾಲೀಮ್, ದಿಲ್‌ಬಹಾರ್ ತಾಲೀಮ್, ಖಂಡೋಬಾ ತಾಲೀಮ್, ಬಾಲಗೋಪಾಲ್ ತಾಲೀಮ್. ತಾಲೀಮು ಎಂದರೆ ಗರಡಿ. ಕುಸ್ತಿಯ ಗರಡಿಗಳ ಹೆಸರು ಹೊತ್ತ ಓಣಿಯ ತಂಡಗಳು ರಾಜರ್ಷಿ ಶಾಹೂ ಸ್ಟೇಡಿಯಮ್ಮಿನಲ್ಲಿ ಎದುರುಬದುರಾಗುತ್ತವೆ. ಊರಿಗೆ ಊರೇ ಎರಡು ಪಾಲಾಗಿ ಕೂಗುತ್ತದೆ.

ಆದರೆ ಈ ಹುಚ್ಚು ಬಹಳ ಮಟ್ಟಿಗೆ ಗಂಡುಮಕ್ಕಳದು. ಹುಡುಗನು ಐದು ವರ್ಷದವನಿರುವಾಗಲೇ ಓಣಿಯಲ್ಲಿ ಏನಾದರೊಂದನ್ನು ಒದೆಯುತ್ತ ತಿರುಗುವನು. ಅವನ ತಂಗಿ ಅದೇ ವಯಸ್ಸಿನಲ್ಲಿ ಕೂಸನ್ನು ಸೊಂಟಕ್ಕೆ ಎತ್ತಿಕೊಂಡು ಬಾಗಿಲಲ್ಲಿ ನಿಂತು ನೋಡುವಳು. ಆಕೆಯ ಕಾಲಿಗೆ ಚೆಂಡು ಮುಟ್ಟುವುದು ಶಾಲೆಯ ಮೇಲಿನ ಇಯತ್ತೆಗೆ ಬಂದ ಮೇಲೆ, ಅದೂ ಒಳ್ಳೆಯ ಬಾಯಿಯವರು ದೊರೆತರೆ. ಓಟದಲ್ಲಿ, ಚೆಂಡಿನ ಹತೋಟಿಯಲ್ಲಿ ಆಕೆ ಐದಾರು ವರ್ಷ ಹಿಂದೆ ಬಿದ್ದಿರುವಳು. ಆ ಅಂತರವನ್ನು ಒಂದೆರಡು ವರ್ಷಗಳಲ್ಲಿ ತುಂಬುವುದು ಸುಲಭವಲ್ಲ. ತಿಳಿವಳಿಕೆಯಲ್ಲಿ ಮಾತ್ರ ಆಕೆ ಯಾರಿಗೂ ಹಿಂದೆ ಬಿದ್ದಿಲ್ಲ. ಆದುದರಿಂದ ಆಟದ ಯಾವ ಭಾಗದಲ್ಲಿ ಬಲಕ್ಕಿಂತ ತಿಳಿವಳಿಕೆಗೆ ಹೆಚ್ಚು ಬೆಲೆಯುಂಟೋ ಅಲ್ಲಿಂದಲೇ ಆಕೆಯ ಪಾಠವನ್ನು ಆರಂಭಿಸುವುದು ನ್ಯಾಯ.

ಓಡುವ ಚೆಂಡು ಹೊಸಬಳಿಗೆ ನಿಪ್ಪಾಣಿಯ ಸಂತೆಯಿದ್ದ ಹಾಗೆ. ಎಲ್ಲ ದಿಕ್ಕಿನಿಂದಲೂ ನೂಕುವವರೇ. ತಾನು ಎಲ್ಲಿ ನಿಂತಿರುವೆನೆಂದು ನೋಡಿಕೊಳ್ಳುವಷ್ಟರಲ್ಲಿ ಚೆಂಡು ಮತ್ತೆಲ್ಲಿಯೋ ಇರುವುದು. ಹೊಸಬರ ಪಂದ್ಯವನ್ನು ನೋಡಿದವರಿಗೆ ಈ ದೃಶ್ಯವು ಪರಿಚಿತವೇ: ಬೆಲ್ಲದ ಹರಳಿಗೆ ಮುತ್ತಿದ ಇರುವೆಗಳಂತೆ ಎಲ್ಲರೂ ಚೆಂಡಿನ ಸುತ್ತ, ಉಳಿದ ಮೈದಾನವೆಲ್ಲ ಬರಿದು. ಸೀಟಿ ಊದಿ ಚೆಂಡು ನಿಂತ ಕ್ಷಣದಲ್ಲಿ ಈ ಗದ್ದಲವು ಅಡಗುವುದು. ನಿಯಮವು ಎದುರಾಳಿಗಳನ್ನೆಲ್ಲ ೯.೧೫ ಮೀಟರ್, ಅಂದರೆ ಹತ್ತು ಗಜ, ದೂರಕ್ಕೆ ಸರಿಸುವುದು. ಚೆಂಡಿನ ಬಳಿ ನಿಂತ ಬಾಲಿಕೆ ಎಷ್ಟೇ ಸಣ್ಣವಳಿರಲಿ, ಎದುರಾಳಿ ಎಷ್ಟೇ ಬಲಿಷ್ಠಳಿರಲಿ, ಈ ಹತ್ತು ಗಜ ಈಕೆಯದು. ಆಕೆ ತಲೆಯೆತ್ತಿ ನೋಡಬಹುದು. ಗೆಳತಿಯರು ಎಲ್ಲಿರುವರು, ಬಯಲು ಎಲ್ಲಿದೆ ಎಂದು ಎಣಿಸಬಹುದು. ಆಟದಲ್ಲಿ ವಿಚಾರಮಾಡಲು ಹೊಸಬಳಿಗೆ ದೊರೆಯುವ ಸಮಯ ಇದೊಂದೇ.

ಗರಡಿಯಲ್ಲಿ ಹುಡುಗನನ್ನು ಮೊದಲ ದಿನವೇ ಹಿರಿಯ ಪೈಲವಾನನ ಮೇಲೆ ಬಿಡುವುದಿಲ್ಲ. ವಸ್ತಾದನು ಅವನನ್ನು ಕೆಂಪು ಮಣ್ಣಿನ ಮೇಲೆ ನಿಲ್ಲಿಸಿ, ಕಾಲು ಎಲ್ಲಿಡಬೇಕು, ಎದುರಾಳಿಯ ತೂಕ ಯಾವ ಕಡೆಗೆ ವಾಲಿದಾಗ ಎಳೆಯಬೇಕು ಎಂಬುದನ್ನು ಒಂದೊಂದೇ ಪಟ್ಟಾಗಿ, ನಿಧಾನವಾಗಿ, ನೂರು ಸಲ ಮಾಡಿಸುವನು. ಮೈಯ ಬಲ ಆಮೇಲೆ ಬರುವುದು. ಕೊಲ್ಹಾಪುರದವರು ಕಾಲ್ಚೆಂಡಿನ ತಂಡಕ್ಕೆ ತಾಲೀಮಿನ ಹೆಸರಿಟ್ಟುದು ಕೇವಲ ಓಣಿಯ ಅಭಿಮಾನದಿಂದಿರಬಹುದು. ಆದರೂ ಹೊಸಬರಿಗೆ ಕಲಿಸುವವರು ಆ ಹೆಸರಿನಿಂದ ಪಾಠ ತೆಗೆದುಕೊಳ್ಳಬಾರದೆಂದೇನೂ ಇಲ್ಲ.

ಖೋ-ಖೋ ಆಟವಂತೂ ನಮ್ಮ ಬಾಲಿಕೆಯರ ಸ್ವಂತದ್ದು. ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖಮಾಡಿ ಕುಳಿತಿರುವಾಗ ಆಟ ನಿಂತಿದೆಯೆಂದು ಯಾರೂ ಹೇಳರು. ಕುಳಿತವಳು ಏಳಲು ಸಿದ್ಧಳಾಗಿಯೇ ಕುಳಿತಿರುವಳು. ಆದರೆ ಬೆನ್ನಿಗೆ ಖೋ ಬೀಳುವುದಕ್ಕೆ ಮುಂಚೆ ಎದ್ದರೆ ತಪ್ಪಾಗುವುದು. ಇಷ್ಟನ್ನು ಬಲ್ಲ ಬಾಲಿಕೆಗೆ, ಚೆಂಡನ್ನು ಒದೆಯುವುದಕ್ಕೆ ಮುಂಚೆ ಓಡಿಬಿಡಬೇಡ, ಒದೆದ ಮೇಲೆ ನಿಂತುಕೊಂಡೂ ಇರಬೇಡ ಎಂದು ಹೇಳಿದರೆ ಕೂಡಲೇ ಅರ್ಥವಾಗುವುದು. ಹೊಸ ಆಟವನ್ನು ಹೊಸ ಮಾತಿನಲ್ಲಿಯೇ ಹೇಳಬೇಕೆಂಬ ಹಟ ಏಕೆ?

ಈಗ ಒಂದೊಂದು ಪಟ್ಟಿನ ವಿಚಾರ. ಹೊಸಬರ ಪಂದ್ಯದಲ್ಲಿ ಪದೇಪದೇ ಬರುವುದೂ, ಯಾರೂ ಕಲಿಸದೆ ಬಿಡುವುದೂ ಥ್ರೋ-ಇನ್. ಎಸೆಯುವವಳು ಮೈದಾನಕ್ಕೆ ಮುಖಮಾಡಿ, ಎರಡೂ ಪಾದಗಳ ಯಾವುದಾದರೊಂದು ಭಾಗವನ್ನು ಗೆರೆಯ ಮೇಲೆ ಅಥವಾ ಹೊರಗೆ ನೆಲಕ್ಕೆ ಊರಿ, ಎರಡೂ ಕೈಗಳಿಂದ, ತಲೆಯ ಹಿಂದಿನಿಂದ ತಲೆಯ ಮೇಲೆ ಹಾಯಿಸಿ ಎಸೆಯಬೇಕು. ಎದುರಾಳಿಗಳು ಎರಡು ಮೀಟರ್ ದೂರ ನಿಲ್ಲಬೇಕು. ಹೊಸಬರು ಹಿಂದಿನ ಕಾಲನ್ನು ಎತ್ತಿಬಿಡುವರು, ಇಲ್ಲವೆ ಒಂದು ಕೈಯಿಂದ ತಿರುಗಿಸಿ ಎಸೆಯುವರು. ಚೆಂಡು ಎದುರಾಳಿಗಳ ಪಾಲಾಗುವುದು. ಇದನ್ನು ತಿದ್ದಲು ಒಂದು ವಾರ ಸಾಕು. ತಿದ್ದಲು ಕಷ್ಟವಾದುದು ಇನ್ನೊಂದಿದೆ. ಎಸೆಯುವವಳ ಗೆಳತಿಯರೆಲ್ಲ ಆಕೆಯ ಮುಖವನ್ನೇ ನೋಡುತ್ತ, ಪ್ರಾರ್ಥನೆಗೆ ಸಾಲಾಗಿ ನಿಂತವರಂತೆ ನಿಂತುಬಿಡುವರು. ಚೆಂಡು ಯಾರಿಗೆ ಹೋಗಬೇಕು? ಒಬ್ಬಳು ಎಸೆಯುವವಳ ಕಡೆಗೆ ಓಡಿ ಬರಲಿ. ಆಕೆಯ ಬೆನ್ನಿಗೆ ಎದುರಾಳಿಯೂ ಬರುವಳು. ಆಕೆ ಬಿಟ್ಟುಬಂದ ಜಾಗಕ್ಕೆ ಇನ್ನೊಬ್ಬಳು ಓಡಲಿ. ಮೂವರು ಹುಡುಗಿಯರು, ಒಂದು ಚೆಂಡು, ಹತ್ತು ಹೆಜ್ಜೆಯ ಜಾಗ. ಇಷ್ಟರಿಂದ ಈ ಪಟ್ಟನ್ನು ಕಲಿಸಬಹುದು. ಥ್ರೋ-ಇನ್ನಿನಿಂದ ನೇರವಾಗಿ ಚೆಂಡನ್ನು ಪಡೆದವಳಿಗೆ ಆಫ್‌ಸೈಡ್ ತಪ್ಪು ಹತ್ತುವುದಿಲ್ಲವೆಂಬುದನ್ನೂ ತಿಳಿಸಿದರೆ, ಎರಡನೆಯವಳು ಎಷ್ಟು ಮುಂದಕ್ಕೆ ಬೇಕಾದರೂ ಧೈರ್ಯವಾಗಿ ಓಡುವಳು. ನೇರವಾಗಿ ಗೋಲಿನೊಳಗೆ ಎಸೆದರೆ ಮಾತ್ರ ಗೋಲೆನಿಸದು.

ಫ್ರೀ ಕಿಕ್ಕಿನಲ್ಲಿ ಎರಡು ಬಗೆ. ಒಂದರಲ್ಲಿ ನೇರವಾಗಿ ಗೋಲು ಹೊಡೆಯಬಹುದು. ಇನ್ನೊಂದರಲ್ಲಿ ಮತ್ತೊಬ್ಬರು ಮುಟ್ಟಿದ ಹೊರತು ಗೋಲಾಗದು. ಎರಡನೆಯದಾದರೆ ರೆಫರಿಯು ಕೈಯನ್ನು ತಲೆಯ ಮೇಲೆ ಎತ್ತಿ ಹಿಡಿದಿರುವರು. ಕೈ ಮೇಲಿದೆಯೇ ಕೆಳಗಿದೆಯೇ ಎಂದು ನೋಡುವ ಅಭ್ಯಾಸ ಮಾಡಿಸುವುದು ಕಷ್ಟವಲ್ಲ. ಆದರೆ ನಾವು ಕಂಡ ಮಟ್ಟಿಗೆ ನಮ್ಮ ಬಾಲಿಕೆಯರಿಗೆ ಫ್ರೀ ಕಿಕ್ಕಿನಲ್ಲಿ ಬರುವ ಅಡ್ಡಿ ನಿಯಮದ ಅಜ್ಞಾನವಲ್ಲ, ಅಪ್ಪಣೆಯ ನಿರೀಕ್ಷೆ. ತಪ್ಪು ನಡೆದ ಮೇಲೆ ಚೆಂಡನ್ನು ಇಟ್ಟು, ಎದುರಾಳಿಗಳು ಸಾವರಿಸಿಕೊಳ್ಳುವ ಮೊದಲೇ ಒದೆಯಲು ನಿಯಮವು ಅವಕಾಶ ಕೊಟ್ಟಿದೆ. ರೆಫರಿಯ ಎರಡನೆಯ ಸೀಟಿಗಾಗಿ ಕಾಯಬೇಕಾದುದು ಅವರೇ ಹಾಗೆ ಕಾಯಲು ಹೇಳಿದ್ದರೆ ಮಾತ್ರ. ಹುಡುಗರು ಈ ಅವಕಾಶವನ್ನು ಕೇಳದೆಯೇ ಬಳಸಿಕೊಳ್ಳುವರು. ಹುಡುಗಿಯು ಚೆಂಡನ್ನು ಇಟ್ಟು ರೆಫರಿಯ ಮುಖ ನೋಡುವಳು, ಆಮೇಲೆ ಬಾಯಿಯವರ ಮುಖ ನೋಡುವಳು, ಆಮೇಲೆ ಗೆರೆಯಾಚೆ ನಿಂತ ತಂದೆಯ ಮುಖವನ್ನೂ ನೋಡುವಳು. ಅಷ್ಟರಲ್ಲಿ ಹತ್ತು ಗಜದಾಚೆ ಗೋಡೆ ಕಟ್ಟಿ ಮುಗಿದಿರುವುದು. ಇದನ್ನು ಕಲಿಸಿದವರು ನಾವು ಹಿರಿಯರೇ. ನೀರಿಗೆ ಹೋಗಲೇ, ಕಿಟಕಿ ತೆರೆಯಲೇ, ಮಾತನಾಡಲೇ ಎಂದು ಪ್ರತಿಯೊಂದಕ್ಕೂ ಅಪ್ಪಣೆ ಕೇಳಿದವಳೇ ಒಳ್ಳೆಯ ಹುಡುಗಿಯೆಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಹೊಗಳಿದೆವು. ವಿನಯವು ಬೇಡವೆಂದು ನಾವು ಹೇಳುತ್ತಿಲ್ಲ. ನಿಯಮವೇ ಕೊಟ್ಟ ಹಕ್ಕನ್ನು ಬಳಸಲು ಮತ್ತೊಬ್ಬರ ಅಪ್ಪಣೆ ಬೇಕಿಲ್ಲವೆಂಬುದು ವಿನಯಕ್ಕೆ ವಿರೋಧವಾದ ಮಾತೂ ಅಲ್ಲ. ಆದುದರಿಂದ ಅಭ್ಯಾಸದ ವೇಳೆಯಲ್ಲಿ ಚೆಂಡನ್ನು ಇಡುವವಳೇ ಎಲ್ಲಿಗೆ ಒದೆಯಬೇಕೆಂಬುದನ್ನು ನಿರ್ಣಯಿಸಲಿ, ಹೊರಗಿನಿಂದ ಯಾರೂ ಕೂಗಿ ಹೇಳಕೂಡದು. ಆಕೆಯ ನಿರ್ಣಯ ತಪ್ಪಾದರೆ ಆಗಲಿ. ಮುಂದಿನ ಫ್ರೀ ಕಿಕ್ ಬಹಳ ದೂರವಿರುವುದಿಲ್ಲ.

ಗೋಡೆಯಲ್ಲಿ ನಿಲ್ಲುವವರ ಭಯವನ್ನು ಕುರಿತೂ ಹೇಳಬೇಕು. ಚೆಂಡು ಎದೆಗೋ ಮುಖಕ್ಕೋ ಬಡಿದೀತೆಂಬ ಹೆದರಿಕೆ ಹುಡುಗಿಯರಿಗೆ ಸಹಜ, ಅದನ್ನು ನಗೆಗೆ ಗುರಿಮಾಡುವುದು ಮೂರ್ಖತನ. ಕೈಗಳನ್ನು ಮೈಗೆ ಒತ್ತಿಕೊಂಡು, ಮೈಯನ್ನು ಅಸಹಜವಾಗಿ ಅಗಲಮಾಡದೆ ನಿಂತರೆ, ಚೆಂಡು ಕೈಗೆ ತಗಲಿದ ಮಾತ್ರಕ್ಕೆ ತಪ್ಪಾಗದೆಂದು ಅವರಿಗೆ ತಿಳಿಸಬೇಕು. ಮೊದಲ ವರ್ಷದವರಿಂದ ಗೋಡೆ ಕಟ್ಟಿಸದಿದ್ದರೂ ನಷ್ಟವಿಲ್ಲವೆಂದು ನಮ್ಮ ಎಣಿಕೆ.

ಕಾರ್ನರ್ ಕಿಕ್ಕಿನ ವಿಷಯದಲ್ಲಿ ನಮಗೆ ಹೇಳತಕ್ಕದ್ದು ಹೆಚ್ಚಾಗಿದೆ. ಇಂಗ್ಲಂಡಿನ ಷೆಫೀಲ್ಡ್ ಪಟ್ಟಣದವರ ನಿಯಮಗಳಿಂದ ಬಂದ ಈ ಕ್ರಮವನ್ನು ಅಲ್ಲಿಯ ಫುಟ್‌ಬಾಲ್ ಅಸೋಸಿಯೇಷನ್ ೧೮೭೨ರಲ್ಲಿ ಸ್ವೀಕರಿಸಿತು. ಮೂಲೆಯಿಂದ ನೇರವಾಗಿ ಹೊಡೆದ ಗೋಲು ೧೯೨೪ರಿಂದ ಸಿಂಧುವಾಯಿತು. ಆ ವರ್ಷದ ಅಕ್ಟೋಬರಿನಲ್ಲಿಯೇ ಅರ್ಜೆಂಟೀನಾದ ಓಂಜಾರಿ ಎಂಬವನು ಒಲಿಂಪಿಕ್ ವಿಜೇತರಾದ ಉರುಗ್ವೆಯವರ ಮೇಲೆ ಅಂತಹ ಗೋಲು ಹೊಡೆದನು. ನಮ್ಮ ದೇಶಕ್ಕೂ ಕಾರ್ನರ್ ಕಿಕ್ಕು ಒಂದು ಸ್ಮರಣೀಯ ದಿನವನ್ನು ತಂದಿದೆ. ೨೦೧೭ರ ಅಕ್ಟೋಬರ್ ೯ರಂದು ದಿಲ್ಲಿಯ ಜವಾಹರಲಾಲ್ ನೆಹರೂ ಸ್ಟೇಡಿಯಮ್ಮಿನಲ್ಲಿ, ಹದಿನೇಳು ವರ್ಷದೊಳಗಿನ ಬಾಲಕರ ವಿಶ್ವಕಪ್ಪಿನಲ್ಲಿ, ಭಾರತವು ಕೊಲಂಬಿಯಾದೊಡನೆ ಆಡುತ್ತಿತ್ತು. ೮೨ನೆಯ ನಿಮಿಷದಲ್ಲಿ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಮೂಲೆಯಿಂದ ಒದೆದ ಚೆಂಡಿಗೆ ಮಣಿಪುರದ ಜೀಕ್ಸನ್ ಸಿಂಗ್ ತಲೆಕೊಟ್ಟನು. ಯಾವುದೇ ವಿಶ್ವಕಪ್ಪಿನಲ್ಲಿ ಭಾರತದ ಮೊದಲನೆಯ ಗೋಲು ಅದು. ಕೊಲ್ಹಾಪುರದ ಅನಿಕೇತ್ ಜಾಧವನೂ ಆ ತಂಡದಲ್ಲಿದ್ದನೆಂಬುದನ್ನು ನಮ್ಮ ಕಡೆಯವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುವರು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯನ್ನು ಹೇಳುವವರು ಕಡಿಮೆ. ಸಂತೋಷದ ಕೂಗು ಅಡಗುವುದಕ್ಕೆ ಮುಂಚೆ, ಮರುನಿಮಿಷದಲ್ಲಿಯೇ, ಕೊಲಂಬಿಯಾದವರು ಗೋಲು ಹೊಡೆದು ೨-೧ರಿಂದ ಗೆದ್ದರು. ಗೋಲಾದ ಮೇಲೆ ಮಧ್ಯದ ಗೆರೆಯಿಂದ ಆಟ ತೊಡಗುವುದೂ ನಿಂತ ಚೆಂಡೇ. ಅಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಹೊಸಬರಿಗೆ ಹೇಳಿಕೊಡುವಾಗ ಈ ನಿಮಿಷದ ಕಥೆಗಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ.

ಹೀಗಿದ್ದರೂ, ಆ ಗೋಲನ್ನು ಹಾಗೆಯೇ ಅನುಕರಿಸಿರೆಂದು ನಮ್ಮ ಬಾಲಿಕೆಯರಿಗೆ ನಾವು ಹೇಳಲಾರೆವು. ಶಾಲೆಗಳಲ್ಲಿ ಕಾರ್ನರ್ ಕಿಕ್ಕನ್ನು ಕಲಿಸುವ ಬಗೆ ಸಾಮಾನ್ಯವಾಗಿ ಒಂದೇ: ಎತ್ತರದ ನಾಲ್ವರನ್ನು ಗೋಲಿನ ಮುಂದೆ ನಿಲ್ಲಿಸುವುದು, ಕಾಲಿನಲ್ಲಿ ಕಸುವುಳ್ಳ ಒಬ್ಬಳು ಚೆಂಡನ್ನು ಮೇಲೆತ್ತಿ ಒದೆಯುವುದು, ಯಾರ ತಲೆಗಾದರೂ ತಗಲಲೆಂದು ಹಾರೈಸುವುದು. ಇದರಲ್ಲಿ ಕುಳ್ಳಗಿರುವವಳಿಗೆ ಕೆಲಸವಿಲ್ಲ, ಯಾರಿಗೂ ವಿಚಾರವಿಲ್ಲ, ಎಲ್ಲರಿಗೂ ಅಪಾಯವುಂಟು. ತಲೆಯಿಂದ ಚೆಂಡು ಹೊಡೆಯುವುದರ ಪರಿಣಾಮವನ್ನು ಕುರಿತು ವೈದ್ಯರ ಕಳವಳವು ಈಚೆಗೆ ಹೆಚ್ಚಿದೆ. ಗ್ಲಾಸ್ಗೋ ವಿಶ್ವವಿದ್ಯಾಲಯದವರು ೨೦೧೯ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಹಿಂದೆ ಆಟವನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ಸ್ಕಾಟ್ಲಂಡಿನ ಗಂಡಸರು ಮಿದುಳು ಸವೆಯುವ ರೋಗಗಳಿಂದ ಮರಣಹೊಂದುವ ಪ್ರಮಾಣವು ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಾಗಿತ್ತು. ವೃತ್ತಿಯ ಆಟಗಾರರ ಲೆಕ್ಕವನ್ನು ಶಾಲೆಯ ಮಕ್ಕಳಿಗೆ ನೇರವಾಗಿ ಹಚ್ಚಲಾಗದು, ನಿಜ. ಆದರೂ ಅಮೇರಿಕದ ಕಾಲ್ಚೆಂಡಾಟದ ಸಂಸ್ಥೆಯು ೨೦೧೫ರಲ್ಲಿಯೇ ಹತ್ತು ವರ್ಷ ಮತ್ತು ಅದಕ್ಕೂ ಕೆಳಗಿನ ಮಕ್ಕಳು ಚೆಂಡಿಗೆ ತಲೆಕೊಡಕೂಡದೆಂದು ಗೊತ್ತುಮಾಡಿತು; ೨೦೨೦ರಲ್ಲಿ ಇಂಗ್ಲಂಡ್, ಸ್ಕಾಟ್ಲಂಡ್ ಮತ್ತು ಉತ್ತರ ಐರ್ಲಂಡಿನವರು ಪ್ರಾಥಮಿಕ ಶಾಲೆಯ ವಯಸ್ಸಿನವರ ಅಭ್ಯಾಸದಲ್ಲಿ ಇದನ್ನು ನಿಲ್ಲಿಸಿದರು. ಅಷ್ಟು ಬಲ್ಲವರು ಹಿಂಜರಿಯುವಲ್ಲಿ ನಾವು ಮುಂದೆ ನುಗ್ಗುವ ಕಾರಣವೇನು? ಹೊಸ ಬಾಲಿಕೆಯರಿಗೆ ತಲೆಯ ಹೊಡೆತವನ್ನು ಕಲಿಸಕೂಡದೆಂದೇ ನಾವು ಸ್ಪಷ್ಟವಾಗಿ ಹೇಳುವೆವು.

ಬದಲಿಗೆ ಮೂಲೆಯಿಂದ ಚಿಕ್ಕದಾಗಿ ಒದೆಯುವುದನ್ನು ಕಲಿಸಲಿ. ಎದುರಾಳಿಗಳು ಮೂಲೆಯ ಕಾಲು-ವರ್ತುಲದಿಂದ ಹತ್ತು ಗಜ ದೂರವಿರಬೇಕಷ್ಟೆ. ಒಬ್ಬ ಗೆಳತಿ ನಾಲ್ಕೈದು ಹೆಜ್ಜೆಯ ಅಂತರಕ್ಕೆ ಬಂದು ನಿಂತರೆ ಚೆಂಡು ಆಕೆಗೆ ನಿರ್ವಿಘ್ನವಾಗಿ ಸೇರುವುದು. ಆಗ ಎದುರಾಳಿಗಳಲ್ಲಿ ಒಬ್ಬರಿಬ್ಬರು ಗೋಲಿನ ಮುಂದಿನಿಂದ ಇತ್ತ ಓಡಿಬರಲೇಬೇಕು. ಅಲ್ಲಿ ಜಾಗ ಬಿಡುವಾಗುವುದು. ನೆಲದ ಮೇಲೆಯೇ ಉರುಳಿಬಂದ ಚೆಂಡನ್ನು ಆ ಜಾಗದಲ್ಲಿ ಕಾಲಿನಿಂದ ಒದೆಯಲು ಎತ್ತರ ಬೇಕಿಲ್ಲ. ಇದರಲ್ಲಿ ಒಂದು ತೊಡಕುಂಟು, ಅದನ್ನು ಬಿಡಿಸಿ ಹೇಳದೆ ಈ ಪಟ್ಟನ್ನು ಕಲಿಸುವವರು ಬಹಳ. ಕಾರ್ನರ್ ಕಿಕ್ಕಿನಿಂದ ನೇರವಾಗಿ ಚೆಂಡು ಪಡೆದವಳಿಗೆ ಆಫ್‌ಸೈಡ್ ಇಲ್ಲ. ಆದರೆ ಗೆಳತಿಯು ಚೆಂಡನ್ನು ಮರಳಿ ಒದೆದವಳಿಗೇ ಕೊಟ್ಟಳೆನ್ನಿರಿ. ಅದು ಕಾರ್ನರ್ ಕಿಕ್ಕಲ್ಲ, ಸಾಧಾರಣ ಒದೆತ. ಆಫ್‌ಸೈಡ್ ನಿಯಮವು ಆಗಲೇ ಜೀವತಳೆಯಿತು. ಒದೆದವಳು ಇನ್ನೂ ಮೂಲೆಯಲ್ಲಿಯೇ ನಿಂತಿದ್ದರೆ, ಆಕೆ ಚೆಂಡಿಗಿಂತ ಮುಂದೆ, ಗೋಲಿನ ಗೆರೆಗೆ ಅಂಟಿಕೊಂಡು ಇರುವಳು. ಎದುರಾಳಿಗಳು ಮುಂದಕ್ಕೆ ಓಡಿಬಂದಿದ್ದರೆ ಆಕೆ ಆಫ್‌ಸೈಡಾದಳು. ಆದುದರಿಂದ ಒದೆದ ಕೂಡಲೆ ಮೂಲೆಯನ್ನು ಬಿಟ್ಟು, ಗೆಳತಿಯ ಹಿಂದಿನಿಂದ ಬಳಸಿಕೊಂಡು ಮೈದಾನದೊಳಕ್ಕೆ ಬರಬೇಕು. ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಮೂರು ಚುಕ್ಕೆಯಿಟ್ಟು ತೋರಿಸಿದರೆ ಆರನೆಯ ಇಯತ್ತೆಯ ಹುಡುಗಿಗೆ ಇದು ಐದು ನಿಮಿಷದ ಪಾಠ. ಭೂಮಿತಿಯ ತಾಸಿನಲ್ಲಿ ನಿದ್ದೆಹೋಗುವವರೂ ಈ ಮೂರು ಚುಕ್ಕೆಗಳಿಗೆ ಎಚ್ಚರವಾಗಿರುವರು.

ಗೋಲ್ ಕಿಕ್ಕನ್ನು ಕುರಿತು ಹೆಚ್ಚು ಬೇಡ. ೨೦೧೯ರಿಂದ ಚೆಂಡು ಚೌಕದ ಹೊರಗೆ ಹೋಗಲೇಬೇಕೆಂಬ ಕಟ್ಟಳೆಯಿಲ್ಲ, ಬಳಿಯಲ್ಲಿ ನಿಂತ ಸಂಗಡಿಗಳಿಗೇ ಕೊಡಬಹುದು. ಬಲವಿಲ್ಲದ ಕಾಲುಗಳಿಗೆ ಇದು ದೊಡ್ಡ ಉಪಕಾರ. ೨೦೨೫ರ ಮತ್ತೊಂದು ತಿದ್ದುಪಡಿಯಂತೆ, ಗೋಲು ಕಾಯುವವಳು ಚೆಂಡನ್ನು ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದರೆ ಎದುರಾಳಿಗಳಿಗೆ ಕಾರ್ನರ್ ಕಿಕ್ ದೊರೆಯುವುದು. ಹಳೆಯ ನಿಯಮವನ್ನೇ ನೆಚ್ಚಿ ಕಲಿಸುವವರು ಇದನ್ನು ಗಮನಿಸಬೇಕು.

ಪೆನಾಲ್ಟಿಯು ೧೮೯೧ರಲ್ಲಿ ನಿಯಮಕ್ಕೆ ಸೇರಿತು. ಅದನ್ನು ಸೂಚಿಸಿದವನು ಐರ್ಲಂಡಿನ ವಿಲಿಯಂ ಮೆಕ್‌ಕ್ರಮ್, ತಾನೇ ಗೋಲು ಕಾಯುವವನು. ಸಭ್ಯರು ಬೇಕೆಂದು ತಪ್ಪು ಮಾಡುವುದುಂಟೇ ಎಂದು ಆಗ ಕೆಲವರು ಮುನಿದರಂತೆ. ನಮ್ಮ ಚಿಂತೆ ಒದ್ದು ತಪ್ಪಿದವಳನ್ನು ಕುರಿತದ್ದು. ಹನ್ನೊಂದು ಮೀಟರಿನಿಂದ ಗುರಿ ತಪ್ಪಿದ ಹುಡುಗಿಯು ಮರುದಿನ ಹೊಟ್ಟೆನೋವೆಂದು ಹೇಳಿ ಆಟಕ್ಕೆ ಬಾರದಿರುವಳು. ಮೂರನೆಯ ದಿನವೂ ಬಾರಳು. ಮನೆಯವರೂ ಒಳ್ಳೆಯದಾಯಿತೆಂದು ಸುಮ್ಮನಾಗುವರು. ತಂಡದಲ್ಲಿ ಒಬ್ಬಳನ್ನೇ ಪೆನಾಲ್ಟಿಗೆ ಗೊತ್ತುಮಾಡುವ ಪದ್ಧತಿ ಬಹುಮಾನದ ಪಂದ್ಯಗಳಿಗೆ ಸರಿಯಾಗಿರಬಹುದು. ಹೊಸಬರಲ್ಲಿ ಎಲ್ಲರೂ ಸರದಿಯಂತೆ ಒದೆಯಲಿ, ಎಲ್ಲರೂ ಸರದಿಯಂತೆ ತಪ್ಪಲಿ.

ನಮ್ಮ ಈ ಮಾತಿಗೆ ಬರುವ ದೊಡ್ಡ ಆಕ್ಷೇಪಣೆ ಸಮಯದ್ದು. ಮೈದಾನವು ಹುಡುಗರಿಂದ ಬಿಡುವಾಗುವುದು ಸಂಜೆಗೆ. ಕತ್ತಲಾಗುವುದರೊಳಗೆ ಹುಡುಗಿಯರು ಮನೆ ಸೇರಬೇಕು. ನಡುವೆ ಸಿಗುವ ಅರ್ಧ ತಾಸಿನಲ್ಲಿ ಆಡುವುದೋ ಪಾಠ ಕೇಳುವುದೋ ಎಂದು ಕೇಳುವರು. ಇದೇ ಆಕ್ಷೇಪಣೆಯು ನಮ್ಮ ಪಕ್ಷಕ್ಕೆ ಬಲವಾದ ಆಧಾರ. ನಿಂತ ಚೆಂಡಿನ ಪಟ್ಟುಗಳಿಗೆ ಪೂರ್ಣ ಮೈದಾನ ಬೇಡ. ಶಾಲೆಯ ಆವರಣದ ಒಂದು ಮೂಲೆ, ಹೆಚ್ಚೆಂದರೆ ಆರು ಮಂದಿ, ಮಕ್ಕಳ ಅಳತೆಯ ನಾಲ್ಕನೆಯ ನಂಬರಿನ ಒಂದು ಚೆಂಡು. ಮಳೆಗಾಲದಲ್ಲಿ ಮೈದಾನ ಕೆಸರಾದಾಗಲೂ ಜಗಲಿಯ ಮುಂದೆ ನಡೆಯುವುದು. ಹೆದ್ದಾರಿಗೆ ಎದುರಾದ ಬಯಲಿನಲ್ಲಿ ಮಗಳು ಓಡುವುದನ್ನು ದಾರಿಹೋಕರು ನೋಡುವರೆಂದು ಸಂಕೋಚಪಡುವ ತಾಯಂದಿರಿಗೂ ಇದರಿಂದ ಸಮಾಧಾನವಾದೀತು. ಆ ಸಂಕೋಚವು ನಮಗೆ ಒಪ್ಪಿಗೆಯಾದುದಲ್ಲ. ಆದರೆ ಅದು ತೊಲಗುವ ತನಕ ಹುಡುಗಿಯ ಕಲಿಕೆ ನಿಲ್ಲಬಾರದಷ್ಟೆ.

ಸಂಕೋಚದ ಮಾತು ಬಂದುದರಿಂದ ಹೇಳುವೆವು. ೧೮೯೧ರಲ್ಲಿ ಶ್ರೀನಗರದ ಮಿಶನ್ ಶಾಲೆಯಲ್ಲಿ ಟಿಂಡೇಲ್-ಬಿಸ್ಕೋ ಎಂಬ ಪಾದ್ರಿಗಳು ಕಾಲ್ಚೆಂಡನ್ನು ತಂದಿಟ್ಟಾಗ, ತೊಗಲಿನ ಚೆಂಡನ್ನು ಮುಟ್ಟಿದರೆ ಮೈಲಿಗೆಯೆಂದು ಅಲ್ಲಿಯ ಬ್ರಾಹ್ಮಣ ಹುಡುಗರು ಹಿಂದೆಗೆದರು. ಅದನ್ನು ಕೇಳಿ ಇಂದು ನಾವು ನಗುವೆವು. ಆದರೆ ಸುಧಾರಿಸಿದವರೆನಿಸಿದ ಇಂಗ್ಲಂಡಿನವರು ಏನು ಮಾಡಿದರು? ೧೯೨೦ರ ಡಿಸೆಂಬರ್ ೨೬ರಂದು, ಕ್ರಿಸ್ಮಸ್ಸಿನ ಮರುದಿನ, ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಡಿಕ್ ಕೆರ್ ಕಾರಖಾನೆಯ ಹೆಣ್ಣುಮಕ್ಕಳ ಆಟವನ್ನು ನೋಡಲು ಸುಮಾರು ೫೩,೦೦೦ ಜನ ನೆರೆದಿದ್ದರು. ಮರುವರ್ಷದ ಡಿಸೆಂಬರ್ ೫ರಂದು ಅಲ್ಲಿಯ ಅಸೋಸಿಯೇಷನ್ನು, ಈ ಆಟವು ಹೆಂಗಸರಿಗೆ ತಕ್ಕುದಲ್ಲವೆಂದು ಸಾರಿ, ತನ್ನ ಸಂಘಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ಬಾಗಿಲು ತೆರೆಯಲು ಅರ್ಧ ಶತಮಾನ ಹಿಡಿಯಿತು. ಹೆಂಗಸರ ಮೊದಲನೆಯ ವಿಶ್ವಕಪ್ಪು ಚೀನದಲ್ಲಿ ನಡೆದುದು ೧೯೯೧ರಲ್ಲಿ. ೨೦೨೨ರಲ್ಲಿ ಹದಿನೇಳರೊಳಗಿನ ಬಾಲಿಕೆಯರ ವಿಶ್ವಕಪ್ಪು ನಮ್ಮ ದೇಶದಲ್ಲಿಯೇ ನಡೆದಾಗ ನಮ್ಮ ಹುಡುಗಿಯರು ಅಮೇರಿಕ, ಮೊರಾಕ್ಕೊ, ಬ್ರೆಜಿಲ್ ಮೂವರಿಗೂ ಸೋತರು. ಹದಿನಾರು ಗೋಲುಗಳನ್ನು ಹೊಡೆಸಿಕೊಂಡು ಒಂದನ್ನೂ ಹೊಡೆಯದೆ ಹಿಂದಿರುಗಿದರು. ಅವರನ್ನು ಹಳಿಯುವುದಕ್ಕೆ ನಮಗೆ ಬಾಯಿಲ್ಲ. ೨೦೨೫ರ ಜುಲೈ ೫ರಂದು ನಮ್ಮ ಹಿರಿಯರ ಮಹಿಳಾ ತಂಡವು ಥಾಯ್ಲಂಡಿನವರನ್ನು ಅವರ ಚಿಯಾಂಗ್ ಮಾಯ್ ಪಟ್ಟಣದಲ್ಲಿಯೇ ೨-೧ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತೆಂಬುದನ್ನೂ ಪಾಲಕರು ತಮ್ಮ ಮಕ್ಕಳಿಗೆ ಹೇಳಲಿ.

ಮಿಶನ್ ಶಾಲೆಗಳು ಈ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರವನ್ನು ಕೊಟ್ಟವು, ಹೊಲಿಗೆಯನ್ನು ಕೊಟ್ಟವು, ಸಂಗೀತವನ್ನು ಕೊಟ್ಟವು. ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಓಟಗಾರರ ದೃಷ್ಟಾಂತವನ್ನು ಕೊಡುವುದನ್ನು ನಾವೆಲ್ಲರೂ ಓದಿದ್ದೇವೆ. ಆದರೂ ಆಟವನ್ನು ಕೊಡುವಾಗ ನಮ್ಮವರ ಕೈ ಕೊಂಚ ಬಿಗಿಯಾಗಿಯೇ ಇತ್ತು. ಡ್ರಿಲ್ಲು, ಹಗ್ಗದಾಟ, ರಿಂಗ್ ಆಟಗಳಾಚೆ ಅದು ಬಹುಕಾಲ ಚಾಚಲಿಲ್ಲ. ಈಗ ಚಾಚಿದೆ. ಚಾಚಿದ ಮೇಲೆ ಹುಡುಗಿಯರಿಗೆ ಚೆಂಡನ್ನು ಎಸೆದು ಓಡಿರೆಂದು ಬಿಟ್ಟರೆ ಕರ್ತವ್ಯ ಮುಗಿಯಿತೆಂದು ನಾವು ಎಣಿಸುವುದಿಲ್ಲ.

ಮಾಜಿ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ನಿಮ್ಮಲ್ಲಿ ಹಲವರಿಗೆ ಓಡುವ ವಯಸ್ಸು ಕಳೆದಿದೆ, ರೆಫರಿಯಾಗಲು ಕಳೆದಿಲ್ಲ. ಫ್ರಾನ್ಸಿನ ಸ್ಟೆಫನಿ ಫ್ರಾಪಾರ್ ಎಂಬ ಮಹಿಳೆಯು ೨೦೨೨ರ ಡಿಸೆಂಬರ್ ೧ರಂದು ಕತಾರಿನಲ್ಲಿ ಜರ್ಮನಿ ಮತ್ತು ಕೋಸ್ಟಾರಿಕಾ ದೇಶದ ಗಂಡಸರ ವಿಶ್ವಕಪ್ ಪಂದ್ಯಕ್ಕೆ ಸೀಟಿ ಊದಿದರು. ನಮ್ಮ ಅಪೇಕ್ಷೆ ಅಷ್ಟು ದೊಡ್ಡದಲ್ಲ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಒಂದು ತಾಸು ಬನ್ನಿರಿ. ಹುಡುಗಿಯರು ನಿಮ್ಮನ್ನು ಅಕ್ಕ ಎಂದು ಕರೆಯುವರು, ಬಾಯಿಯವರ ಮುಂದೆ ಕೇಳಲಾರದ ಪ್ರಶ್ನೆಗಳನ್ನು ನಿಮ್ಮ ಮುಂದೆ ಕೇಳುವರು. ಪಾಲಕರು ಬರುವುದಾದರೆ ಗೆರೆಯಾಚೆ ನಿಂತು ನೋಡಲಿ, ಆದರೆ ಮಗಳು ಚೆಂಡನ್ನು ನೆಲಕ್ಕಿಟ್ಟಾಗ ದಯಮಾಡಿ ಬಾಯಿ ಬಿಡಬಾರದು. ಮೂಲೆಯ ಕಾಲು-ವರ್ತುಲವನ್ನು ಒಂದು ಮೀಟರ್ ಹಗ್ಗ, ಒಂದು ಗೂಟ, ಒಂದು ಬೊಗಸೆ ಸುಣ್ಣದಿಂದ ಎಳೆಯಬಹುದು. ಹತ್ತು ಗಜದ ಗುರುತಿಗೆ ಹಳೆಯ ಸೀರೆಯ ಅಂಚನ್ನು ಅಳೆದು ಗಂಟುಹಾಕಿದರೂ ಸಾಕು. ಸೀಟಿಯನ್ನು ಮಾತ್ರ ನೀವೇ ತರಬೇಕು.